ಆಸ್ಪಿರಿನ್ ತಯಾರಿ: ಮೊದಲು ಮುಗಿಯುವುದು ಯಾವುದು?

2 ಗ್ರಾಂ ಸ್ಯಾಲಿಸಿಲಿಕ್ ಆಮ್ಲ, 5 ಮಿಲಿ ಅಸಿಟಿಕ್ ಅನ್‌ಹೈಡ್ರೈಡ್, ಕೆಲವು ಹನಿ ಸಲ್ಫ್ಯೂರಿಕ್ ಆಮ್ಲ. ಬರೀ ತೂಕ ನೋಡಿ ತೀರ್ಮಾನಿಸಬೇಡಿ, ಮೋಲ್ (ಕಣಗಳ ಎಣಿಕೆಯ ಮಾನ) ಲೆಕ್ಕ ಹಾಕಿ: ಗ್ರಾಂ ತೂಕವನ್ನು ಆ ವಸ್ತುವಿನ ಒಂದು ಮೋಲ್‌ನ ತೂಕದಿಂದ ಭಾಗಿಸಿ.

ಸ್ಯಾಲಿಸಿಲಿಕ್ ಆಮ್ಲ: 2 ÷ 138.1 = 0.0145 ಮೋಲ್. ಅನ್‌ಹೈಡ್ರೈಡ್ ದ್ರವವಾದ್ದರಿಂದ ಮೊದಲು ಸಾಂದ್ರತೆಯಿಂದ ಗುಣಿಸಬೇಕು, ಮರೆಯುವುದು ಇದನ್ನೇ: 5 × 1.08 = 5.4 ಗ್ರಾಂ, 5.4 ÷ 102.1 = 0.053 ಮೋಲ್. ಸಮೀಕರಣದಲ್ಲಿ ಅನುಪಾತ 1:1, ಹಾಗಾಗಿ ಸ್ಯಾಲಿಸಿಲಿಕ್ ಆಮ್ಲವೇ ಸೀಮಿತ ಕಾರಕ, ಅಂದರೆ ಮೊದಲು ಮುಗಿಯುವುದು. ಗುಣಾಂಕ (ಸಮೀಕರಣದಲ್ಲಿ ಸೂತ್ರದ ಮುಂದಿರುವ ಸಂಖ್ಯೆ) ಬೇರೆಯಿದ್ದರೆ ಮೋಲ್‌ಗಳನ್ನು ಆಯಾ ಗುಣಾಂಕದಿಂದ ಭಾಗಿಸಿಯೇ ಹೋಲಿಸಿ.

ಸೈದ್ಧಾಂತಿಕ ಇಳುವರಿ, ಅಂದರೆ ಹೆಚ್ಚೆಂದರೆ ಸಿಗಬಹುದಾದ ಆಸ್ಪಿರಿನ್: 0.0145 × 180.2 (ಆಸ್ಪಿರಿನ್‌ನ ಒಂದು ಮೋಲ್‌ನ ತೂಕ) = 2.61 ಗ್ರಾಂ. ಕೈಗೆ 2.1 ಗ್ರಾಂ ಸಿಕ್ಕರೆ ಸುಮಾರು ಶೇ. 80, ಒಳ್ಳೆಯ ಫಲಿತಾಂಶವೇ. ಶೇ. 100 ದಾಟಿತೇ? ಹರಳು ಇನ್ನೂ ಒದ್ದೆಯಿರಬಹುದು. ಒಣಗಿಸಿ ಮತ್ತೆ ತೂಗಿ. ತೀರಾ ಕಡಿಮೆಯಾದರೆ ತೊಳೆದ ನೀರಿನಲ್ಲಿ ಕರಗಿ ಹೋಗಿರಬಹುದು; ತೊಳೆಯಲು ಮಂಜುಗಡ್ಡೆಯಲ್ಲಿಟ್ಟ ತಣ್ಣೀರು, ಅದೂ ಸ್ವಲ್ಪವೇ ಸಾಕು. ತೂಕ ಸರಿಯಿದ್ದರೂ ಫೆರಿಕ್ ಕ್ಲೋರೈಡ್ ಹನಿಗೆ ನೇರಳೆ ಬಣ್ಣ ಬಂದರೆ, ಸ್ಯಾಲಿಸಿಲಿಕ್ ಆಮ್ಲ ಇನ್ನೂ ಉಳಿದಿದೆ.