ಪೆನಾಂಗ್‌ನ ಆ ಹಳೇ ರಸ್ತೆ

ರಜೆಗೆ ಮಲೇಷ್ಯಾಕ್ಕೆ ಹೋಗಿ ಬಂದೆವು. ಕ್ವಾಲಾಲಂಪುರದ ಜೋಡಿ ಗೋಪುರ ಎಲ್ಲರೂ ನೋಡೇ ನೋಡ್ತಾರೆ, ಅದು ಬಿಡಿ, ನನ್ನ ಮನಸ್ಸು ಇನ್ನೂ ಪೆನಾಂಗ್‌ನ ಜಾರ್ಜ್ ಟೌನಿನಲ್ಲೇ ಇದೆ. 2008ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆ ಪಟ್ಟಿಗೆ ಸೇರಿದ ಊರು.

ಅಲ್ಲಿ ಒಂದು ರಸ್ತೆ ಹಿಡಿದು ಹೊರಟರೆ 1818ರ ಸೇಂಟ್ ಜಾರ್ಜ್ ಚರ್ಚ್, ಸ್ವಲ್ಪ ಮುಂದೆ ಚೀನೀಯರ ಕರುಣೆಯ ದೇವಿಯ ಗುಡಿ, ಆಮೇಲೆ ಪಕ್ಕದ ಬೀದಿಗೆ ಮುಖ ಮಾಡಿದ ಮಾರಿಯಮ್ಮನ ಗುಡಿ, ಅದನ್ನು ದಾಟಿದರೆ ನಮ್ಮ ದೇಶದಿಂದ ಹೋದ ಮುಸ್ಲಿಂ ವ್ಯಾಪಾರಿಗಳು ಕಟ್ಟಿದ ಕಪಿತಾನ್ ಕೆಲಿಂಗ್ ಮಸೀದಿ. ಎಲ್ಲಾ ನಡೆದೇ ನೋಡಬಹುದು. ಚೀನೀ ಗುಡಿಯ ಅಂಗಳದಲ್ಲಿ ತೋಳಿನಷ್ಟು ದಪ್ಪ ಊದುಬತ್ತಿ ಉರಿಯುತ್ತಿದ್ದವು, ಹೊಗೆಗೆ ಕಣ್ಣಲ್ಲಿ ನೀರು. ಅವ್ವ ಅಲ್ಲೂ ಕೈಮುಗಿದಳು, ಮಾರಿಯಮ್ಮನ ಮುಂದೆಯೂ ಮುಗಿದಳು.

ಅವಳಿಗೆ ಇದೇನೂ ಹೊಸದಲ್ಲ. ಕಲಬುರಗಿಯಲ್ಲಿ ಶರಣಬಸಪ್ಪನ ಜಾತ್ರೆಗೂ ಹೋಗ್ತಾಳೆ, ಬಂದೇನವಾಜ್ ದರ್ಗಾಕ್ಕೂ ಹೋಗ್ತಾಳೆ. ಬೀದರ್ ಹತ್ತಿರ ಅಷ್ಟೂರಿನಲ್ಲಿ ಬಹಮನಿ ಸುಲ್ತಾನ ಅಹ್ಮದ್ ಷಾನನ್ನೇ ಅಲ್ಲಮಪ್ರಭು ಅಂತ ನಂಬಿ ನಡೆದುಕೊಳ್ಳುವ ಜನ ನಾವು. ಇಷ್ಟು ಶ್ರೀಮಂತಿಕೆ ಮನೆ ಬಾಗಿಲಲ್ಲೇ ಇದೆ, ಆದರೂ ಹೊರಗಿನವರು ನೋಡಲು ಬರೋದು ಕಡಿಮೆ, ನಿಜಕ್ಕೂ ಬೇಜಾರಾಗುತ್ತೆ.

ಊಟದ ಮಾತಿಗೆ ಬಂದರೆ ನಾಸಿ ಕಂದಾರ್ ತಿನ್ನಲೇಬೇಕು. ಬಿಸಿ ಅನ್ನದ ಮೇಲೆ ಮೀನಿನದು, ಕೋಳಿಯದು, ಬೇಳೆಯದು ಅಂತ ಒಂದೊಂದು ಸಾರನ್ನೂ ಒಂದರ ಮೇಲೊಂದು ಸುರಿದು ಕೊಡ್ತಾರೆ. ಹೋಗುವವರಿದ್ದರೆ ಬೆಳಿಗ್ಗೆ ಬೇಗ ಹೊರಡಿ. ಬಿಸಿಲು ನಮ್ಮಷ್ಟಿಲ್ಲ, ಬೆವರು ಮಾತ್ರ ಜಾಸ್ತಿ.