“ಡ್ರೈ ಕೊಡಿ ಸರ್, ವಾ ಆಮೇಲೆ ಹಾಕ್ತೀನಿ”

ಮಂಗಳವಾರ ಕೇಳಿದ ಮಾತು. ವಾರ ಮುಗಿಯುತ್ತ ಬಂದರೂ ತಲೆಯಿಂದ ಇಳಿದಿಲ್ಲ.

ಹೇಳಿದ್ದು ಸ್ಟುಡಿಯೋದಲ್ಲಿ ನಮ್ಮನ್ನು ರೆಕಾರ್ಡ್ ಮಾಡುವ ಹುಡುಗ. ಅವನ ಮೇಲೆ ನನಗೆ ಕೋಪವಿಲ್ಲ. ಕಿವಿ ಚುರುಕು, ಕೆಲಸ ಚೊಕ್ಕ. ನಮ್ಮ ಬ್ಯಾಂಡಿನ ಡ್ರಮ್ಸ್‌ಗೆ ಅವನು ಮೈಕ್ ಇಟ್ಟ ರೀತಿಯನ್ನು ನಾನೇ ಮೆಚ್ಚಿ ಹೇಳಿದ್ದೆ. ನನ್ನ ಗಿಟಾರ್ ಸೋಲೋ ಸರದಿ ಬಂದಾಗ ಚೀಲದಿಂದ ವಾ ಪೆಡಲ್, ಅಂದರೆ ಕಾಲಲ್ಲಿ ಒತ್ತಿ ಗಿಟಾರಿನ ನಾದವನ್ನು ತೆರೆದು ಮುಚ್ಚುವ ಪೆಟ್ಟಿಗೆ, ತೆಗೆದು ನೆಲದ ಮೇಲಿಟ್ಟೆ, ಅಷ್ಟರಲ್ಲಿ ಗಾಜಿನಾಚೆಯಿಂದ ದನಿ ಬಂತು. “ಡ್ರೈ ಕೊಡಿ ಸರ್, ವಾ ಆಮೇಲೆ ಹಾಕ್ತೀನಿ. ನೀವು ಕಾಲಲ್ಲಿ ಮಾಡೋದನ್ನ ನಾನಿಲ್ಲಿ ಮೌಸಲ್ಲೇ ಬರೀತೀನಿ, ಇನ್ನೂ ಕರೆಕ್ಟಾಗಿ ಕೂರುತ್ತೆ.” ಸ್ಟುಡಿಯೋಗೆ ಗಂಟೆಯ ಲೆಕ್ಕದಲ್ಲಿ ಬಾಡಿಗೆ. ನಮ್ಮ ಡ್ರಮ್ಮರ್ ಆಗಲೇ ಎರಡು ಸಲ ಗಡಿಯಾರ ನೋಡಿದ್ದ. ಅವನಿಗೆ ಗಿಟಾರ್ ಸೋಲೋ ಅಂದರೆ ತಾನು ನೀರು ಕುಡಿಯುವ ಹೊತ್ತು. ಪೆಡಲ್ ಇಲ್ಲದೆ, ಡ್ರೈ ಆಗಿಯೇ ನುಡಿಸಿ ಬಂದೆ.

ಗುರುವಾರ ಫೈಲ್ ಬಂತು. ವಾ ಇದೆ. ಪ್ರತಿ ಬೀಟ್‌ಗೂ ತಪ್ಪದೆ ತೆರೆದು ಮುಚ್ಚುತ್ತದೆ. ನಡುವೆ ಒಂದು ಕಡೆ ತಂತಿಯನ್ನು ಎಳೆದು ಸ್ವರವನ್ನು ನಿಧಾನಕ್ಕೆ ಮೇಲಕ್ಕೆ ಒಯ್ದಿದ್ದೇನೆ. ಸ್ವರ ಮೇಲೆ ಮುಟ್ಟುವ ಮೊದಲೇ ವಾ ಪೂರ್ತಿ ಬಾಯಿ ತೆರೆದು, ಮುಟ್ಟುವ ಹೊತ್ತಿಗೆ ಮುಚ್ಚಿಕೊಂಡಿದೆ. ಕಂಪ್ಯೂಟರ್ ಪರದೆಯ ತಾಳದ ಗೆರೆಗಳ, ಅಂದರೆ ಗ್ರಿಡ್‌ನ, ಪ್ರಕಾರ ಅದು ಸರಿ. ಆದರೆ ಅಲ್ಲಿ ನಾನು ಹೇಳಹೊರಟದ್ದು ಏನಿತ್ತೋ ಅದು ಇಲ್ಲ.

“ಆಮೇಲೆ ಹಾಕ್ತೀನಿ.” ವಾ ಅನ್ನು ಆಮೇಲೆ ಹಾಕಬಹುದು ಎಂದುಕೊಳ್ಳುವವರು ಕಾಲನ್ನಷ್ಟೇ ನೋಡುತ್ತಾರೆ. ಕಾಲು ಆಡುವಾಗ ಕೈ ಬದಲಾಗುವುದನ್ನು ಗಮನಿಸುವುದಿಲ್ಲ. ಪೆಡಲ್ ಹಿಮ್ಮಡಿಯ ಕಡೆ ಒರಗಿದ್ದಾಗ ನಾದ ಮಂದ, ದಪ್ಪ; ಸ್ವರ ಮುಂದೆ ಬರಲೆಂದು ತಂತಿ ಮೀಟುವ ಪಿಕ್ ತಾನಾಗಿ ಗಟ್ಟಿಯಾಗಿ ಬೀಳುತ್ತದೆ. ಕಾಲ್ಬೆರಳ ಕಡೆ ಒತ್ತಿದಾಗ ನಾದ ಚೂಪಾಗಿ ಕಿವಿಗೆ ಚುಚ್ಚುತ್ತದೆ, ಬಲಗೈ ಹಗುರಾಗುತ್ತದೆ. ತಂತಿ ಎಳೆದು ಬೆಂಡ್ ಮಾಡುವಾಗ ಎಡಗೈ ಕಾಲಿಗಾಗಿ ಒಂದು ಕ್ಷಣ ಕಾಯುತ್ತದೆ. ವೈಬ್ರಾಟೋ, ಅಂದರೆ ಸ್ವರದ ನಡುಕ, ಎಷ್ಟು ಅಗಲ ಇರಬೇಕೆಂದು ತೀರ್ಮಾನಿಸುವುದೂ ಆ ಕ್ಷಣ ಕಿವಿಗೆ ಬೀಳುವ ನಾದವೇ. ಡ್ರೈ ಆಗಿ ನುಡಿಸಿದರೆ ಕೈಗೆ ಇದ್ಯಾವುದೂ ಗೊತ್ತಾಗುವುದಿಲ್ಲ. ಅದು ಬೇರೆಯೇ ಸೋಲೋ ನುಡಿಸುತ್ತದೆ.

ಪೆಟ್ಟಿಗೆಯೊಳಗೆ ಇರುವುದು ತುಂಬ ಸರಳ. ಒಂದು ಫಿಲ್ಟರ್. ಸುಮಾರು 400–500 ಹರ್ಟ್ಜ್‌ನಿಂದ 2,000 ಹರ್ಟ್ಜ್ ಆಸುಪಾಸಿನವರೆಗೆ, ಕಾಲು ಎಲ್ಲಿದೆಯೋ ಅಲ್ಲಿನ ಕಂಪನಾಂಕಗಳನ್ನು ಎತ್ತಿ ಹಿಡಿಯುತ್ತದೆ. ನಮ್ಮ ಬಾಯಿ ‘ಊ’ ಎನ್ನುವುದರಿಂದ ‘ಆ’ ಎನ್ನುವುದಕ್ಕೆ ಜಾರುವಾಗಲೂ ಹೆಚ್ಚುಕಡಿಮೆ ಇಂಥದ್ದೇ ನಡೆಯುತ್ತದೆ. ಅದಕ್ಕೇ ವಾ ಕೇಳಿದವರಿಗೆಲ್ಲ ಗಿಟಾರ್ ಮಾತಾಡಿದಂತೆ ಅನ್ನಿಸುವುದು.

ಇದು ಹುಟ್ಟಿದ ಕಥೆ ನನಗೆ ಬಹಳ ಇಷ್ಟ. 1966ರಲ್ಲಿ ಕ್ಯಾಲಿಫೋರ್ನಿಯಾದ ಥಾಮಸ್ ಆರ್ಗನ್ ಕಂಪನಿಯಲ್ಲಿ ಬ್ರಾಡ್ ಪ್ಲಂಕೆಟ್ ಎಂಬ ಎಂಜಿನಿಯರ್‌ಗೆ ಸಿಕ್ಕಿದ್ದ ಕೆಲಸ, ವೋಕ್ಸ್ ಆಂಪ್ಲಿಫೈಯರ್‌ನ ಒಂದು ದುಬಾರಿ ಸ್ವಿಚ್ ತೆಗೆದು ಅಗ್ಗದ ತಿರುಗುಬಿರಡೆ ಕೂರಿಸುವುದು. ಬಿರಡೆ ತಿರುಗಿಸಿದಾಗ ಹೊಸ ನಾದ ಬಂತು. ಆದರೆ ಗಿಟಾರ್ ನುಡಿಸುವವನ ಎರಡೂ ಕೈ ತಂತಿಯ ಮೇಲೆ. ಹಾಗಾಗಿ ಅದನ್ನು ಆರ್ಗನ್‌ನ ವಾಲ್ಯೂಮ್ ಪೆಡಲ್ ಒಳಗೆ ಕೂರಿಸಿದರು. 1967ರಲ್ಲಿ ಮಾರಾಟಕ್ಕೆ ಬಂದಾಗ ಅದರ ಮೇಲಿದ್ದದ್ದು ಕ್ಲೈಡ್ ಮೆಕಾಯ್ ಎಂಬ ಟ್ರಂಪೆಟ್ ವಾದಕರ ಹೆಸರು. ಟ್ರಂಪೆಟ್ ಬಾಯಿಗೆ ಮ್ಯೂಟ್ ಎಂಬ ಮುಚ್ಚಳ ಹಿಡಿದು, ಕೈಯಿಂದ ತೆರೆದು ಮುಚ್ಚಿ ಅದು ಅಳುವಂತೆ ಮಾಡುವುದರಲ್ಲಿ ಅವರು ಪ್ರಸಿದ್ಧರು. ಅವರಿಗೆ ಯಾರಾದರೂ “ಸುಮ್ಮನೆ ಊದಿ, ಮ್ಯೂಟ್ ಆಮೇಲೆ ಹಾಕ್ತೀನಿ” ಎಂದಿದ್ದರೆ ಏನಾಗುತ್ತಿತ್ತು? ಆ ಕೈ ಅವರ ಉಸಿರಿಗೆ ಅಂಟಿಕೊಂಡದ್ದು. ಈ ಕಾಲೂ ಹಾಗೆಯೇ.

ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ 1968ರಲ್ಲಿ ರೆಕಾರ್ಡ್ ಮಾಡಿದ ‘ವೂಡೂ ಚೈಲ್ಡ್ (ಸ್ಲೈಟ್ ರಿಟರ್ನ್)’ ಶುರುವಾಗುವುದನ್ನು ಕೇಳಿ. ಎಡಚರಾದ ಅವರ ಬಲಗೈ ತಂತಿಗಳನ್ನು ಅದುಮಿದೆ, ಸ್ವರವೇ ಇಲ್ಲ. ಪಿಕ್ ಉಜ್ಜುವ ಸದ್ದು, ಅದರ ಮೇಲೆ ಪೆಡಲ್, ಅಷ್ಟೇ. ಅದನ್ನು ಡ್ರೈ ಮಾಡಿದರೆ ಉಳಿಯುವುದು ಬರೀ ಚಕ್ ಚಕ್. ಪೆಡಲ್ ಕಾಲಡಿ ಇಲ್ಲದಿದ್ದರೆ ಅಂಥದ್ದೊಂದು ಹಾಡಿಗೆ ಪೀಠಿಕೆಯಾಗಬಹುದೆಂದು ಯಾರಿಗೆ ತಾನೇ ಹೊಳೆಯುತ್ತಿತ್ತು? ಮೂರು ವರ್ಷದ ನಂತರ ಐಸಾಕ್ ಹೇಯ್ಸ್ ಅವರ ‘ಶಾಫ್ಟ್’ ಚಿತ್ರದ ಹಾಡಿನಲ್ಲಿ ಗಿಟಾರಿಸ್ಟ್ ಚಾರ್ಲ್ಸ್ ಪಿಟ್ಸ್ ಹಿಡಿದ ಲಯವೂ ಹೀಗೆ ಕಾಲಿನಿಂದಲೇ ಬಂದದ್ದು. ಇನ್ನೊಂದು ಕೊನೆಯಲ್ಲಿ ಬ್ಲ್ಯಾಕ್ ಸಬ್ಬಾತ್ ಬ್ಯಾಂಡಿನ ಗೀಜರ್ ಬಟ್ಲರ್. 1970ರಲ್ಲಿ ಬಿಡುಗಡೆಯಾದ ‘ಎನ್.ಐ.ಬಿ.’ ಹಾಡಿಗೆ ಮುನ್ನ ಬೇಸ್ ಗಿಟಾರ್ ಒಂದನ್ನೇ ವಾ ಮೂಲಕ ನುಡಿಸಿದರು.

ಮೆಟಾಲಿಕಾ ಬ್ಯಾಂಡಿನ ಗಿಟಾರಿಸ್ಟ್ ಕರ್ಕ್ ಹ್ಯಾಮೆಟ್ ವಾ ಅತಿಯಾಗಿ ಬಳಸುತ್ತಾರೆಂದು ಹೀಯಾಳಿಸುವುದು ಈಗ ಗಿಟಾರ್ ಹುಡುಗರಿಗೆ ಚಟವಾಗಿಬಿಟ್ಟಿದೆ. ಒಪ್ಪುವುದಿಲ್ಲ. 2011ರ ಅಕ್ಟೋಬರ್ 30ರಂದು ಮೆಟಾಲಿಕಾ ನಮ್ಮ ಬೆಂಗಳೂರಿನ ಅರಮನೆ ಮೈದಾನದಲ್ಲಿ ನುಡಿಸಿದಾಗ ನಾನು ಆ ಗುಂಪಿನಲ್ಲಿದ್ದೆ. ಅಷ್ಟು ದೂರಕ್ಕೆ ಕಾಲು ಕಾಣಲಿಲ್ಲ. ಆದರೂ ಪ್ರತಿ ವಾಕ್ಯ ಎಲ್ಲಿ ಉಸಿರೆಳೆಯುತ್ತದೆ, ಎಲ್ಲಿ ಕಿರುಚುತ್ತದೆ ಎಂಬುದು ಜನಸಾಗರದ ನಡುವೆಯೂ ಗೊತ್ತಾಗುತ್ತಿತ್ತು. ಅತಿಯೋ ಮಿತಿಯೋ, ಅದು ಅವರ ಮಾತಿನ ಧಾಟಿ.

ಹುಡುಗನ ಕಡೆಯೂ ನ್ಯಾಯವಿದೆ. ಮಿಕ್ ರಾನ್ಸನ್, ಮೈಕೆಲ್ ಶೆಂಕರ್ ಅಂಥ ಗಿಟಾರಿಸ್ಟ್‌ಗಳು ಪೆಡಲನ್ನು ಅರ್ಧಕ್ಕೆ ನಿಲ್ಲಿಸಿ, ಕಾಲು ಆಡಿಸದೆಯೇ ನುಡಿಸುತ್ತಿದ್ದುದುಂಟು. ಅಂಥ ನಾದವನ್ನು ಆಮೇಲೆ ಹೊಂದಿಸಬಹುದು. ಡ್ರೈ ಸಿಗ್ನಲನ್ನು ಮತ್ತೆ ಪೆಡಲ್, ಆಂಪ್ ಮೂಲಕ ಹಾಯಿಸಲೂಬಹುದು. ನಾದವನ್ನು ಒರಟಾಗಿಸುವ ಡಿಸ್ಟಾರ್ಷನ್‌ಗೆ ಮೊದಲು ವಾ ಬರಬೇಕೆಂಬ ನನ್ನ ಹಟವೂ ಅಲ್ಲಿ ಗೆಲ್ಲುತ್ತದೆ. ಆದರೆ ಆಗ ಕಾಲು ಆಡಿಸುವುದು ಈಗಾಗಲೇ ನುಡಿಸಿ ಮುಗಿದ ಕೈಗೆ. ಕೈ ಅದಕ್ಕೆ ಮರುಮಾತಾಡುವುದಿಲ್ಲ.

ನನ್ನನ್ನು ಕಾಡುತ್ತಿರುವುದು ಪೆಡಲ್ ಒಂದೇ ಅಲ್ಲ. ಈಗ ಎಲ್ಲವೂ ‘ಆಮೇಲೆ’. ಹಾಡುಗಾರ ಹಾಡಿಬಿಡಲಿ, ಶ್ರುತಿ ಆಮೇಲೆ. ಡ್ರಮ್ಮರ್ ಬಾರಿಸಿಬಿಡಲಿ, ಲಯ ಆಮೇಲೆ. ನುಡಿಸುವ ಹೊತ್ತಿನಲ್ಲಿ ಯಾರೂ ಏನನ್ನೂ ತೀರ್ಮಾನಿಸಬೇಕಿಲ್ಲ. ಅಪಾಯವಿಲ್ಲದ ಕಡೆ ಕಿವಿಯೂ ಮಲಗುತ್ತದೆ. ನಮ್ಮ ಹಾಡುಗಾರ್ತಿ ಫೈಲ್ ಕೇಳಿ “ಚೆನ್ನಾಗಿದೆ, ಆದ್ರೆ ಇದು ನೀನಲ್ಲ” ಎಂದಳು. ಆ ಒಂದು ಮಾತಿಗೆ ಅವಳಿಗೆ ಋಣಿ.

ನಿನ್ನೆ ಹುಡುಗನಿಗೆ ಫೋನ್ ಮಾಡಿದೆ. ಎರಡು ಚಾನೆಲ್ ಹಾಕು, ಒಂದರಲ್ಲಿ ನಿನಗೆ ಬೇಕಾದ ಡ್ರೈ ಇರಲಿ, ಇನ್ನೊಂದರಲ್ಲಿ ಪೆಡಲ್. ನನ್ನ ಹೆಡ್‌ಫೋನ್‌ಗೆ ಮಾತ್ರ ಪೆಡಲ್‌ನದ್ದೇ ಬರಬೇಕು ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಎಕ್ಸ್‌ಟ್ರಾ ಅವರ್ ಆಗುತ್ತೆ ಸರ್” ಎಂದ. ಆಗಲಿ, ಆ ಗಂಟೆಯ ದುಡ್ಡು ನನ್ನದು ಎಂದು ಹೇಳಿದ್ದೇನೆ.