ಉಜ್ಜಿದ ಗಾಜು, ಸಾಲಾಗಿ ನಿಂತ ಅಣುಗಳು

ಲಿಕ್ವಿಡ್ ಕ್ರಿಸ್ಟಲ್ (ದ್ರವದಂತೆ ಹರಿದರೂ ಅಣುಗಳು ಒಂದೇ ದಿಕ್ಕಿಗೆ ವಾಲುವ ವಸ್ತು) ಪದರ ಈ ವಾರ ಒಂದೇ ದಿಕ್ಕಿಗೆ ಸಾಲಾಗಿ ನಿಂತಿತು! ಗಾಜಿನ ಸ್ಲೈಡ್ ಮೇಲೆ ಪಿವಿಎ (ಪಾಲಿವಿನೈಲ್ ಆಲ್ಕೊಹಾಲ್, ನೀರಲ್ಲಿ ಕರಗುವ ಪ್ಲಾಸ್ಟಿಕ್) ದ್ರಾವಣ ತೆಳ್ಳಗೆ ಬಳಿದು, ಒಣಗಿದ ಮೇಲೆ ವೆಲ್ವೆಟ್ ಬಟ್ಟೆಯಿಂದ ಒಂದೇ ಕಡೆಗೆ ಉಜ್ಜಿದೆ. ಅಂಥ ಎರಡು ಸ್ಲೈಡ್‌ಗಳ ನಡುವೆ 5ಸಿಬಿ ಎಂಬ ಲಿಕ್ವಿಡ್ ಕ್ರಿಸ್ಟಲ್ ತುಂಬಿ, ಒಂದಕ್ಕೊಂದು ಅಡ್ಡವಾಗಿಟ್ಟ ಪೋಲರಾಯ್ಡ್ ಹಾಳೆಗಳ (ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಬಿಡುವಂಥವು) ಮಧ್ಯೆ ಇಟ್ಟು ನೋಡಿದೆ. ಉಜ್ಜಿದ ದಿಕ್ಕು ಯಾವುದಾದರೂ ಒಂದು ಹಾಳೆಯ ಅಕ್ಷಕ್ಕೆ ಹೊಂದಿದಾಗ ಪೂರ್ತಿ ಕಪ್ಪು. 45 ಡಿಗ್ರಿ ತಿರುಗಿಸಿದರೆ ಪೂರ್ತಿ ಬೆಳಕು.

ಏನೂ ಬಳಿಯದ ಗಾಜಿನಲ್ಲಿ ಇದೇ ದ್ರವ ಬೇರೆಯೇ ಚಿತ್ರ ತೋರಿಸಿತ್ತು. ಎಲ್ಲೆಲ್ಲೂ ಬಳುಕುವ ಕಪ್ಪು ಎಳೆಗಳು, ಅಲ್ಲಲ್ಲಿ ಎರಡೋ ನಾಲ್ಕೋ ಬಂದು ಸೇರುವ ಚುಕ್ಕಿಗಳು. ಹಾಳೆಗಳನ್ನು ತಿರುಗಿಸಿದರೆ ಎಳೆಗಳು ಸರಿಯುತ್ತವೆ, ಚುಕ್ಕಿಗಳು ಇದ್ದಲ್ಲೇ ಇರುತ್ತವೆ. ಅಣುಗಳ ದಿಕ್ಕು ಗೊಂದಲಕ್ಕೆ ಬೀಳುವ ಜಾಗಗಳು ಅವು.

5ಸಿಬಿ ಅಣುವಿನ ಉದ್ದ ಸುಮಾರು 2 ನ್ಯಾನೊಮೀಟರ್. ನನ್ನ ಪದರದ ದಪ್ಪ ಹತ್ತು ಮೈಕ್ರಾನ್ ಆಸುಪಾಸು, ಅಂದರೆ ಸಾವಿರಾರು ಅಣುಗಳಷ್ಟು. ಗಾಜಿಗೆ ತಾಗುವುದು ಅಂಚಿನ ಅಣುಗಳು ಮಾತ್ರ. ಆದರೆ 5ಸಿಬಿಯ ಈ ಸ್ಥಿತಿಯಲ್ಲಿ (ಇದಕ್ಕೆ ನೆಮ್ಯಾಟಿಕ್ ಅಂತ ಹೆಸರು) ಪ್ರತಿ ಅಣುವೂ ಪಕ್ಕದ್ದರ ದಿಕ್ಕಿಗೇ ವಾಲುತ್ತದೆ. ಹಾಗಾಗಿ ಅಂಚಿನ ದಿಕ್ಕು ನಡುವಿನವರೆಗೂ ತಲುಪುತ್ತದೆ. ಇದು ಹರಿಯುವ ದ್ರವ ಅಲ್ವಾ, ಅಣುಗಳು ಜಾಗ ಬದಲಿಸುತ್ತಲೇ ಇರುತ್ತವೆ. ಆದರೂ ಸರಾಸರಿ ದಿಕ್ಕು ಕದಲುವುದಿಲ್ಲ. ಎಷ್ಟು ಸಲ ನೋಡಿದರೂ ನನಗೆ ಇದು ಸೋಜಿಗವೇ.

ಆಮೇಲೆ ಮೇಲಿನ ಗಾಜನ್ನು 90 ಡಿಗ್ರಿ ತಿರುಗಿಸಿ ಹೊಸ ಸೆಲ್ (ದ್ರವ ತುಂಬಿದ ಗಾಜಿನ ಜೋಡಿ) ಕಟ್ಟಿದೆ. ಈಗ ಪದರವೇ ಒಳಗೆ ತಿರುಚಿಕೊಂಡಿದೆ, ಹಾಯುವ ಬೆಳಕಿನ ಕಂಪನದ ದಿಕ್ಕೂ ಅದರೊಂದಿಗೆ ತಿರುಗುತ್ತದೆ. ಅಡ್ಡ ಹಾಳೆಗಳ ನಡುವೆ ಬೆಳಕು ಹಾಯುತ್ತದೆ, ಹಾಳೆಗಳನ್ನು ಸಮಾಂತರ ಮಾಡಿದರೆ ಕತ್ತಲು. ಇಂಥ ತಿರುಚಿದ ಪದರಗಳನ್ನು ಫ್ರಾನ್ಸಿನ ವಿಜ್ಞಾನಿ ಮೊಗೆನ್ 1911ರಲ್ಲೇ ಅಭ್ಯಾಸ ಮಾಡಿದ್ದರು. 1971ರಲ್ಲಿ ಭೌತವಿಜ್ಞಾನಿಗಳಾದ ಶಾಡ್ಟ್ ಮತ್ತು ಹೆಲ್‌ಫ್ರಿಶ್ ಇದಕ್ಕೆ ವೋಲ್ಟೇಜ್ ಸೇರಿಸಿ ಡಿಸ್‌ಪ್ಲೇಗೆ ದಾರಿ ಮಾಡಿದರು.

ಲೆಸಿಥಿನ್ (ಸೋಯಾ, ಮೊಟ್ಟೆಯಲ್ಲಿರುವ ಕೊಬ್ಬಿನಂಥ ವಸ್ತು) ಬಳಿದ ಗಾಜನ್ನೂ ನೋಡಿದ್ದಾಯಿತು. ಅಲ್ಲಿ ಅಣುಗಳು ಗಾಜಿಗೆ ಲಂಬವಾಗಿ, ನೆಟ್ಟಗೆ ನಿಲ್ಲುತ್ತವೆ, ಹೇಗೆ ತಿರುಗಿಸಿದರೂ ಕಪ್ಪೇ. ಬೆರಳಿನಿಂದ ಸುಮ್ನೆ ಒತ್ತಿದರೆ ದ್ರವ ಹರಿದು ಒಂದು ಕ್ಷಣ ಮಿಂಚುತ್ತದೆ.

ಈಗ ಕೈಯಲ್ಲಿರುವ ಕೆಲಸ, ಮುಚ್ಚಳವಿಲ್ಲದ ಪದರ. ಕೆಳಗೆ ಉಜ್ಜಿದ ಪಿವಿಎ, ಮೇಲೆ ಬರೀ ಗಾಳಿ. ಗಾಳಿಯ ಕಡೆ 5ಸಿಬಿ ಅಣುಗಳು ನೆಟ್ಟಗೆ ನಿಲ್ಲುತ್ತವೆ, ಗಾಜಿನ ಕಡೆ ಮಲಗುತ್ತವೆ, ನಡುವೆ ಬಾಗಲೇಬೇಕು. ಪದರ ತೀರಾ ತೆಳುವಾದ ಅಂಚಿನಲ್ಲಿ ಬಾಗಲು ಜಾಗವೇ ಸಾಲದು. ಅಲ್ಲಿ ಪಟ್ಟೆಗಳು ಏಳುತ್ತವಾ ಅಂತ ಮುಂದಿನ ವಾರ ಮೈಕ್ರೋಸ್ಕೋಪಿನಲ್ಲಿ ಹುಡುಕುತ್ತೇನೆ.